ತಡವಾದ ನಿಮಿಷಗಳ ಪುಸ್ತಕ

ಮೊಮ್ಮಗಳು ಸಹನಾ ಐದೂವರೆಗೆ ಏಳಬೇಕಿತ್ತು. ಏಳಲಿಲ್ಲ. ಪುಸ್ತಕದಲ್ಲಿ ಬರೆದೆ: ನಲವತ್ತು ನಿಮಿಷ ತಡ.

ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು ನಾನು. ಮಗ, ಸೊಸೆ ಇಬ್ಬರೂ ಬೆಳಗಾಗುವ ಮುಂಚೆ ಬಿಡದಿಯ ಕಾರ್ಖಾನೆ ಬಸ್ಸು ಹತ್ತುತ್ತಿದ್ದರು. ಚನ್ನಪಟ್ಟಣದ ಮನೆಯಲ್ಲಿ ಏಳು ವರ್ಷದ ಹುಡುಗಿ ನನ್ನ ಸುಪರ್ದಿನಲ್ಲಿದ್ದಳು.

"ಕಾಲು ಬಗ್ತಾ ಇಲ್ಲ ಅಜ್ಜಿ" ಅನ್ನುತ್ತಿದ್ದಳು. ಹತ್ತು ಗಂಟೆಗೆ ಅದೇ ಕಾಲಿನಲ್ಲಿ ಶಾಲೆಯಂಗಳದಲ್ಲಿ ಕುಂಟಾಬಿಲ್ಲೆ. ಇಂಥ ನಾಟಕ ಎಷ್ಟು ನೋಡಿಲ್ಲ ನಾನು! ಗೋಡೆ ಹಿಡಿದು ನಡೆದರೆ ಕೈ ಬಿಡಿಸುತ್ತಿದ್ದೆ. ನಿಮಿಷಗಳನ್ನು ದಿನವೂ ಬರೆದೆ.

ಮೊಣಕಾಲು ಊದಿಕೊಂಡಿತು.

ಆಮೇಲೆ ಬಂದರು ಬುದ್ಧಿವಂತರು. ಪಕ್ಕದ ಮನೆಯ ಸಾಕಮ್ಮ, "ದೃಷ್ಟಿ ಕಣಕ್ಕ, ಕೆಂಗಲ್ ಆಂಜನೇಯಂಗೆ ಹರಕೆ ಹೊತ್ಕೊ, ಒಸಿ ಎಳ್ಳೆಣ್ಣೆ ತಿಕ್ಕು" ಅಂದಳು. ಊರಿನ ಡಾಕ್ಟರು ಮೊಣಕಾಲು ಮುಟ್ಟದೆಯೇ "ಬೆಳೆಯೋ ನೋವು" ಎಂದು ಟಾನಿಕ್ ಗೀಚಿದರು. ಮುಟ್ಟಿದರೆ ಕೈ ಸವೆಯುತ್ತಿತ್ತೇನೋ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು. "ಬೆಳಗ್ಗೆ ಕಾಲು ಬಿಗಿಯಾಗಿರುತ್ತಾ? ಎಷ್ಟು ಹೊತ್ತು?"

ಮಗ, ಸೊಸೆ ಮುಖ ಮುಖ ನೋಡಿಕೊಂಡರು. ಹುಡುಗಿಯ ಸೋಮಾರಿತನಕ್ಕೆ ಸಾಕ್ಷಿಯೆಂದು ತಂದಿದ್ದ ಪುಸ್ತಕವನ್ನು ನಾನು ಮುಂದಿಟ್ಟೆ. ಡಾಕ್ಟರಮ್ಮ ಹಾಳೆ ತಿರುವಿದರು. "ಇಷ್ಟು ಚೆನ್ನಾಗಿ ಯಾರೂ ಬರೆದು ತರಲ್ಲ. ಇದು ಮಾರ್ನಿಂಗ್ ಸ್ಟಿಫ್‌ನೆಸ್. ಜುವನೈಲ್ ಆರ್ಥ್ರೈಟಿಸ್, ಮಕ್ಕಳಿಗೆ ಬರೋ ಕೀಲೂತ. ಮೈ ಕಾಯಬೇಕಾದ ಶಕ್ತಿಯೇ ಕೀಲಿನ ಮೇಲೆ ಬೀಳ್ತಾ ಇದೆ."

ಅಂಚಿನಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆದಿದ್ದ 'ಸೋಮಾರಿ' ಎಂಬ ಮಾತಿನ ಮೇಲೆ ಅವರ ಬೆರಳು ನಿಂತಿತು.

ಆಮೇಲೆ ನಿಮಿಷಗಳನ್ನಷ್ಟೇ ತಮ್ಮ ಫೈಲಿಗೆ ಇಳಿಸಿಕೊಂಡರು.

ಸಾಕಮ್ಮನನ್ನು, ಟಾನಿಕ್ ಡಾಕ್ಟರನ್ನು ನಾನು ಎಷ್ಟು ಹೀಗಳೆದೆನೋ, ಅದಕ್ಕಿಂತ ಹೆಚ್ಚು ಹೀನವಾಗಿ ಕಂಡಿತು ಆ ಕೈಬರಹ. ಅವರಾದರೂ ಕಾಲು ನೋಯುತ್ತಿದೆ ಎಂಬುದನ್ನು ನಂಬಿದ್ದರು.

ಆರು ತಿಂಗಳ ಮಾತ್ರೆಗೆ ಊತ ಪೂರ್ತಿ ಇಳಿಯಲಿಲ್ಲ. ಆಗಷ್ಟೇ ಬಂದಿದ್ದ ಬಯಲಾಜಿಕ್ ಇಂಜೆಕ್ಷನ್ ಶುರುವಾಯಿತು. ಮೈಯ ಕಾವಲನ್ನೇ ತಗ್ಗಿಸುವ ಮದ್ದಾದ್ದರಿಂದ ಮೊದಲು ಟಿಬಿ ಪರೀಕ್ಷೆ. ಆಮೇಲೆ ಸೋಮವಾರ, ಗುರುವಾರ. ಮದ್ದು ಫ್ರಿಜ್ಜಿನಲ್ಲಿ, ಚುಚ್ಚುವುದು ನಾನೇ.

"ಹೊಸ ಮದ್ದಂತೆ, ಮಗೀನ್ ಮ್ಯಾಲೆ ಟೆಸ್ಟ್ ಮಾಡ್ತಾವ್ರೆ ಕಣಕ್ಕ!" ಅಂದಳು ಸಾಕಮ್ಮ.

"ನಿನ್ನ ಎಳ್ಳೆಣ್ಣೆ ಯಾರ ಮೇಲೆ ಟೆಸ್ಟ್ ಆಗಿತ್ತು?"

ಈಗ ಊತ ಇಳಿದಿದೆ. ವಾಸಿಯಾಯಿತು ಎಂದು ಡಾಕ್ಟರಮ್ಮ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಐದೂವರೆಗೆ ಬಿಸಿನೀರಿನ ಚೀಲವನ್ನು ಅವಳ ಮೊಣಕಾಲಿಗಿಟ್ಟು ಪಕ್ಕದಲ್ಲಿ ಕೂರುತ್ತೇನೆ. ಪುಸ್ತಕ ಮುಂದುವರಿದಿದೆ, ಕೆಂಪು ಶಾಯಿ ಇಲ್ಲ.

ನಿನ್ನೆ ಹತ್ತೇ ನಿಮಿಷ. ಎದ್ದವಳು ಗೋಡೆಯತ್ತ ಕೈ ಚಾಚಿದಳು. ನಾನು ನೋಡುತ್ತಿರುವುದು ಕಂಡು ತಟ್ಟನೆ ಹಿಂದಕ್ಕೆಳೆದುಕೊಂಡಳು.

"ಹಿಡ್ಕೊ" ಎಂದೆ.