ಹೆಬ್ಬೆರಳಿಗೆ ಹತ್ತಿದ ಕರಿ

ನನ್ನ ಅಪ್ಪ ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ. ಬಣ್ಣ ಹಾಕಿ, ತೊಳೆದು, ಬಿಸಿಲಿಗೆ ಒಣಗಿಸಿದ ಮೇಲೆ ಪ್ರತಿ ನೂಲಿನ ಲಡಿಯನ್ನೂ ಒಂದೇ ರೀತಿ ಪರೀಕ್ಷೆ ಮಾಡುತ್ತಿದ್ದ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ನೂಲಿನ ಮೇಲೆ ಗಟ್ಟಿಯಾಗಿ ತಿಕ್ಕುವುದು, ಆಮೇಲೆ ಬೆರಳನ್ನು ಬೆಳಕಿಗೆ ಹಿಡಿದು ನೋಡುವುದು. ಬೆರಳು ಸ್ವಚ್ಛವಾಗಿದ್ದರೆ ಆ ಲಡಿ ನೇಕಾರರ ಮನೆಗೆ. ಚೂರು ಬಣ್ಣ ಹತ್ತಿದರೂ ಮತ್ತೆ ತೊಟ್ಟಿಗೆ. ಒಣ ಬೆರಳಿಗೆ ಏನೂ ಗೊತ್ತಾಗುವುದಿಲ್ಲ ಎನ್ನುತ್ತಿದ್ದ. "ಬಣ್ಣಾ ನೆಕ್ಕಿ ನೆಕ್ಕಿ ನಿಮ್ಮ ನಾಲಿಗಿ ಕರ್ರಗ ಆಗೇತಿ," ಎಂದು ಅವ್ವ ಬೈದರೆ ನಾಲಿಗೆ ಹೊರಚಾಚಿ ತೋರಿಸುತ್ತಿದ್ದ.

ನಾನು ಅವರ ಒಬ್ಬಳೇ ಮಗಳು. ಜಮಖಂಡಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ, ಬನಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಮದುವೆಯಾಗಲಿಲ್ಲ. ಅದಕ್ಕೆ ಕಾರಣ ನನ್ನ ಬಾಯಿ ಎಂದು ಬಳಗದವರ ಅಭಿಪ್ರಾಯ, ಇದ್ದರೂ ಇರಬಹುದು. ನನಗೆ ಗೊತ್ತಿರುವುದನ್ನು ಎದುರಿನವರಿಗೆ ಹೇಳದೆ ಬಿಟ್ಟವಳಲ್ಲ ನಾನು. ಅಪ್ಪನ ಜೀವಕ್ಕೆ ಏನು ಅಪಾಯ ಎಂಬುದೂ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೇ ಗೊತ್ತಿತ್ತು.

ಮೂವತ್ತು ವರ್ಷ ಬಣ್ಣದ ಪುಡಿಯಲ್ಲಿ ಕೈಯಾಡಿಸಿದ ಅಪ್ಪನಿಗೆ ಒಂದು ದಿನವೂ ದಮ್ಮು ಹತ್ತಿರಲಿಲ್ಲ. ಆಮೇಲೊಂದು ಬೆಳಿಗ್ಗೆ ಕರಿ ಬಣ್ಣದ ಡ್ರಮ್ಮಿನ ಮುಚ್ಚಳ ತೆಗೆದು ಪುಡಿ ತೂಗುತ್ತಿದ್ದಾಗ ಎದೆ ಬಿಗಿಯಿತು. ಶೀತವಿರಬೇಕು ಎಂದುಕೊಂಡೆವು. ಕೆಂಪು, ಹಳದಿ ಹಾಕಿದ ದಿನ ಆರಾಮಾಗಿರುತ್ತಿದ್ದ. ಕರಿ ಹಾಕಿದ ದಿನ ಮಾತ್ರ ಅವನ ಉಸಿರು ಸಿಳ್ಳೆ ಹೊಡೆಯುವುದು ಬೀದಿಯವರೆಗೆ ಕೇಳಿಸುತ್ತಿತ್ತು. ಕೊನೆಗೆ ಬೆಳಗಾವಿಗೆ ಕರೆದುಕೊಂಡು ಹೋದೆ. ಅಲ್ಲಿನ ವೈದ್ಯರು ಅವನ ಮುಂಗೈ ಮೇಲೆ ಸಾಲಾಗಿ ಒಂದೊಂದು ಬಣ್ಣದ ಹನಿ ಇಟ್ಟು, ಸೂಜಿ ಮೊನೆಯಿಂದ ಚುಚ್ಚಿ ಕಾದರು. ಕರಿ ಹನಿ ಇದ್ದ ಕಡೆ ಮಾತ್ರ ಚರ್ಮ ಉಬ್ಬಿ ಬಂತು.

"ಈ ಪುಡಿಯ ಹತ್ತಿರ ಇನ್ನು ಸುಳಿಯಬೇಡಿ," ಎಂದರು ವೈದ್ಯರು. "ನಿಮಗೆ ಒಂದು ಚಿಟಿಕೆಯೂ ಬೇಕಾಗಿಲ್ಲ."

"ಮೂವತ್ತ ವರ್ಷ ಸುಮ್ಮನಿದ್ದ ಎದಿ ಈಗ್ಯಾಕ ತಕರಾರ ತಗದೈತ್ರೀ ಸಾಹೇಬ್ರ?" ಎಂದು ಅಪ್ಪ ಕೇಳಿದ.

"ಮಗಳು ಜೀವಶಾಸ್ತ್ರದ ಮೇಡಂ ಅಲ್ಲವೇ, ಅವರೇ ಹೇಳುತ್ತಾರೆ," ಎಂದು ಅವರು ನಕ್ಕರು. ನನಗೆ ಅಷ್ಟು ಸಾಕಾಗಿತ್ತು.

ಮಹಾಲಿಂಗಪುರ ಬರುವವರೆಗೂ ಬಸ್ಸಿನಲ್ಲಿ ಪಾಠ ಮಾಡಿದೆ. ಬಣ್ಣದ ಕಣ ತೀರ ಸಣ್ಣದು, ಅದು ಒಂಟಿಯಾಗಿದ್ದರೆ ಮೈಯ ರಕ್ಷಣಾ ಕೋಶಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಈ ಜಾತಿಯ ಬಣ್ಣಕ್ಕೆ ಹತ್ತಿಯ ಎಳೆಯನ್ನು ಕಚ್ಚಿ ಹಿಡಿಯುವ ಗುಣವಿದೆ, ಅದಕ್ಕೇ ಅದು ತೊಳೆದರೂ ಹೋಗುವುದಿಲ್ಲ. ಉಸಿರಿನ ಜೊತೆ ಒಳಗೆ ಹೋದ ಪುಡಿ ನಮ್ಮ ಮೈಯ ಪ್ರೋಟೀನನ್ನೂ ಹಾಗೆಯೇ ಕಚ್ಚುತ್ತದೆ. ಆಗ ನಮ್ಮದೇ ಪ್ರೋಟೀನು ಹೊರಗಿನದರಂತೆ ಕಾಣತೊಡಗುತ್ತದೆ. ಪುಸ್ತಕದಲ್ಲಿ ಇದನ್ನು ಪ್ರತಿಜನಕ ಎನ್ನುತ್ತೇವೆ. ಶ್ವಾಸನಾಳದಲ್ಲಿ ಕಾವಲಿರುವ ಒಂದು ಬಗೆಯ ಕೋಶ ಅದನ್ನು ನುಂಗಿ, ತುಂಡರಿಸಿ, ಒಂದು ತುಂಡನ್ನು ತನ್ನ ಮೈಮೇಲೆ ಎತ್ತಿ ಹಿಡಿದುಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತದೆ. ಅಲ್ಲಿ ಹಾದುಹೋಗುವ ಟಿ ಕೋಶಗಳಿಗೆಲ್ಲ ಅದನ್ನು ತೋರಿಸುತ್ತದೆ. ಒಂದೊಂದು ಟಿ ಕೋಶಕ್ಕೂ ಗುರುತು ಸಿಗುವುದು ಒಂದೇ ಆಕಾರ, ಹಾಗಾಗಿ ಬಹುಪಾಲು ಕೋಶಗಳು ಮುಟ್ಟಿ ನೋಡಿ ಮುಂದೆ ಹೋಗಿಬಿಡುತ್ತವೆ.

ಇಲ್ಲಿ ಅಪ್ಪ ನನ್ನನ್ನು ತಡೆದ. "ಗಿರಾಕಿ ನಮೂನಿ ಲಡಿ ಹಿಡಕೊಂಡ ಶೆಡ್ಡಿನಿಂದ ಶೆಡ್ಡಿಗೆ ಅಡ್ಡಾಡತಾನಲ್ಲ, ಹಂಗ?"

"ಹಂಗಪಾ. ಈ ಬಣ್ಣಾ ನನಗ ಗೊತ್ತೈತಿ ಅನ್ನೂ ಒಬ್ಬಾಂವ ಸಿಗೂಮಟ."

ಗುರುತು ಸಿಕ್ಕರೂ ಆ ಕೋಶ ಒಮ್ಮೆಲೇ ಮೇಲೇಳುವುದಿಲ್ಲ. ತುಂಡನ್ನು ತೋರಿಸಿದ ಕೋಶವೇ ಇದು ಅಪಾಯ ಎಂಬ ಇನ್ನೊಂದು ಸಂಕೇತವನ್ನೂ ಕೊಡಬೇಕು. ಎರಡೂ ಕೂಡಿದಾಗ ಅದು ಎಚ್ಚೆತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ, ಬಿ ಕೋಶಗಳನ್ನೂ ಕೆಲಸಕ್ಕೆ ಹಚ್ಚುತ್ತದೆ. ಅವು ತಯಾರಿಸಿದ ಪ್ರತಿಕಾಯಗಳು ಶ್ವಾಸನಾಳದ ಮಾಸ್ಟ್ ಕೋಶಗಳ ಮೇಲೆ ಹೋಗಿ ಕೂತು ಕಾಯುತ್ತವೆ. ಮುಂದೆ ಅದೇ ಪುಡಿ ಬಂದರೆ ಕೆಲವೇ ನಿಮಿಷ, ಆ ಕೋಶಗಳು ಒಳಗಿನ ರಾಸಾಯನಿಕವನ್ನೆಲ್ಲ ಹೊರಚೆಲ್ಲಿ ಉಸಿರಿನ ದಾರಿಯನ್ನು ಹಿಸುಕಿಬಿಡುತ್ತವೆ.

"ಮುಂದ ಎಂದರ ಮರೀತಾವೇನವಾ ಅವು?"

"ಇಲ್ಲಪಾ. ಒಮ್ಮಿ ಕಲತದ್ದ ಬಿಡೂದಿಲ್ಲ."

ಅಪ್ಪ ಕಿಟಕಿಯ ಕಡೆ ತಿರುಗಿದ. ನಾನು ಎಷ್ಟು ಚೆನ್ನಾಗಿ ಹೇಳಿದೆ ಎಂದು ಹಿಗ್ಗುತ್ತ ಕೂತಿದ್ದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಪ್ಪ ಬಣ್ಣ ಹಾಕುವ ಶೆಡ್ಡು ಬಿಟ್ಟ. ಮನೆಯಲ್ಲಿ ಅವ್ವ ತನ್ನದೇ ಯುದ್ಧ ಶುರು ಮಾಡಿದಳು. ಕರಿ ಸೀರೆ, ಕರಿ ಕುಪ್ಪಸ, ನನ್ನ ಕರಿ ಛತ್ರಿ, ಕೊರಳಿನ ಕರಿ ದಾರ, ಎಲ್ಲ ಹೊರಗೆ ಹೋದವು. ಅದೂ ಕರಿ ಎಂದು ಒಂದು ವಾರ ಗುರೆಳ್ಳು ಚಟ್ನಿಯನ್ನೂ ನಿಲ್ಲಿಸಿದಳು. ನಾನು ಬಿದ್ದು ಬಿದ್ದು ನಕ್ಕೆ. ನೂಲನ್ನು ಕಚ್ಚಿ ಹಿಡಿದ ಬಣ್ಣ ಯಾರ ಉಸಿರಿಗೂ ಹೋಗುವುದಿಲ್ಲ, ಅಪಾಯ ಇರುವುದು ಒಣ ಪುಡಿಯಲ್ಲಿ ಎಂದು ಅವಳನ್ನು ಕೂರಿಸಿ ಹೇಳಿದೆ. ಬಣ್ಣಗಾರರು ತೊಳೆದ ಕರಿ ಲಡಿ ಹಿಡಿದು ಅಪ್ಪನ ಸಲಹೆಗೆ ಬಂದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. ನಾನೇ ಒಳಗೆ ಕರೆದೆ. ಅಪ್ಪ ಹೆಬ್ಬೆರಳು ಒದ್ದೆ ಮಾಡಿಕೊಂಡು ತಿಕ್ಕಿ ನೋಡಿದ, ಏನೂ ಆಗಲಿಲ್ಲ. ಅಂದಿನಿಂದ ಈ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತಾಯಿತು.

ಅದೇ ದಿನಗಳಲ್ಲಿ ಅವ್ವ ನಡುಮನೆಯ ಮೂಲೆಗೆ ಬೆರಳು ಮಾಡಿದಳು. ಅಲ್ಲಿ ಎದೆಯೆತ್ತರದ ನೀಲಿ ಪ್ಲಾಸ್ಟಿಕ್ ಡ್ರಮ್ಮು ಇತ್ತು. ನಮ್ಮೂರಲ್ಲಿ ಬಣ್ಣದ ಖಾಲಿ ಡ್ರಮ್ಮನ್ನು ಯಾರೂ ಎಸೆಯುವುದಿಲ್ಲ, ತೊಳೆದು ಮನೆಗೆ ತರುತ್ತಾರೆ. ಕೆಲವರ ಮನೆಯಲ್ಲಿ ಬಳಸುವ ನೀರು, ಕೆಲವರ ಮನೆಯಲ್ಲಿ ಹಳೆ ಬಟ್ಟೆ. ನಮ್ಮದರಲ್ಲಿ ಹೊದೆಯುವ ಕೌದಿಗಳಿದ್ದವು. ಮುಚ್ಚಳ ಬಿಗಿ, ಇಲಿ ಹೋಗುವುದಿಲ್ಲ.

"ಆ ಡ್ರಮ್ಮೂ ಕೊಟ್ಟ ಬಿಡೂಣು," ಎಂದಳು ಅವ್ವ. "ಅದೂ ಬಣ್ಣದ್ದ ಅಲ್ಲೇನ?"

"ತೊಳದೈತಿ ಬಿಡಬೇ. ಎಷ್ಟ ವರ್ಷ ಆತು ಅದನ್ನ ತಂದು. ಹಿಂಗ ಹೆದರಕೋತ ಕುಂತರ ನಾಳಿ ಮನೀನ ಕೊಡಬೇಕಾಕ್ಕೈತಿ."

ಯಾವ ಬಣ್ಣದ ಡ್ರಮ್ಮು ಎಂದು ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ಅವ್ವ ಮತ್ತೆ ಅದರ ಸುದ್ದಿ ತೆಗೆಯಲಿಲ್ಲ.

ಎರಡು ವರ್ಷ ಅಪ್ಪ ಚೆನ್ನಾಗಿದ್ದ. ಅಂಗಿಯ ಕಿಸೆಯಲ್ಲಿ ಉಸಿರಿನ ಜೊತೆ ಎಳೆದುಕೊಳ್ಳುವ ಔಷಧದ ಪಂಪು ಇರುತ್ತಿತ್ತು, ಅದನ್ನು ಬಳಸುವ ಪ್ರಸಂಗ ಅಪರೂಪ. ಹೋದ ಚಳಿಗಾಲ ಸಂಕ್ರಮಣ ಮುಗಿದ ಮೇಲಿನ ಭಾನುವಾರ ಅವನಿಗೆ ಸ್ವಲ್ಪ ಜ್ವರ ಬಂತು. ಮಧ್ಯಾಹ್ನ ಊಟ ಬಿಟ್ಟು ಮಲಗಿದವನು, "ಥಂಡಿ ಹತ್ತೈತಿ, ಒಂದ ಕೌದಿ ತಗಿಯವಾ," ಎಂದ.

ಡ್ರಮ್ಮಿನ ಮುಚ್ಚಳ ಬಿಗಿಯಾಗಿತ್ತು. ಚಮಚದ ಹಿಡಿಕೆ ತೂರಿಸಿ ಮೀಟಿದೆ. ಮುಚ್ಚಳದ ಒಳಗಿನ ರಬ್ಬರಿನ ಬಳೆ ಒಣಗಿ ಸೀಳಿತ್ತೇನೋ, ಕಿತ್ತುಕೊಂಡು ಕೌದಿಯ ಮೇಲೆ ಬಿತ್ತು. ಅದನ್ನು ಎತ್ತಿ ಮತ್ತೆ ಅದರ ಸಂದಿನಲ್ಲಿ ಒತ್ತಿ ಕೂರಿಸಿದೆ. ಕೌದಿಯನ್ನು ಅಪ್ಪನ ಮಂಚದ ಪಕ್ಕದಲ್ಲೇ ನಿಂತು ಎರಡು ಸಲ ಝಾಡಿಸಿದೆ. ಧೂಳು ಹೋಗಲಿ ಎಂದು. ಕಿವಿ ಮುಚ್ಚುವಂತೆ ಹೊದಿಸಿ, ತಲೆ ಸವರಿ ಅಡುಗೆಮನೆಗೆ ಹೋದೆ.

ಚಹಾ ಕುದಿಯುವಷ್ಟರಲ್ಲಿ ಆ ಸಿಳ್ಳೆ ಕೇಳಿಸಿತು. ಅಪ್ಪ ಎದ್ದು ಕೂತಿದ್ದ, ಎರಡೂ ಕೈ ಮಂಚದ ಅಂಚಿಗೆ ಒತ್ತಿದ್ದವು, ತುಟಿ ನೀಲಿಯಾಗುತ್ತಿತ್ತು. ಪಂಪನ್ನು ನಾನೇ ಬಾಯಿಗಿಟ್ಟೆ, ಮತ್ತೆ ಮತ್ತೆ ಒತ್ತಿದೆ. ಅವನಿಗೆ ಅದನ್ನು ಎಳೆದುಕೊಳ್ಳುವಷ್ಟೂ ಉಸಿರಿರಲಿಲ್ಲ. ನಡುಗುತ್ತಾನೆಂದು ಅವ್ವ ಅದೇ ಕೌದಿಯನ್ನು ಅವನ ಭುಜಕ್ಕೆ ಸುತ್ತಿದಳು. ಪಕ್ಕದ ಮನೆಯವರ ಗಾಡಿಯಲ್ಲಿ ಕೂರಿಸಿಕೊಂಡು ಜಮಖಂಡಿಯ ಕಡೆ ಹೊರಟೆವು. ಕಬ್ಬಿನ ಹಂಗಾಮು, ರಸ್ತೆಯ ತುಂಬ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಬಸ್ಸಿನಲ್ಲಿ ಅಷ್ಟು ಮಾತಾಡಿದ್ದವಳು ಈಗ ಏನಾದರೂ ಹೇಳಿಯಾಳು ಎಂದು ನೋಡುತ್ತಿದ್ದನೇನೋ. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಉಸಿರು ನಿಂತಿತು.

ಜ್ವರ, ಚಳಿ, ವಯಸ್ಸು ಎಂದು ಬಂದವರೆಲ್ಲ ಹೇಳಿದರು. ನಾನೂ ಹಾಗೇ ನಂಬಿದೆ. ಪುಡಿಯೇ ಇಲ್ಲದ ಮನೆಯಲ್ಲಿ ಬೇರೆ ಕಾರಣ ಎಲ್ಲಿಂದ ಬರಬೇಕು?

ಹತ್ತನೆಯ ದಿನ ಮನೆಯನ್ನೆಲ್ಲ ತೊಳೆಯುವಾಗ ಡ್ರಮ್ಮನ್ನು ಅಂಗಳಕ್ಕೆ ತಂದೆ. ಮುಚ್ಚಳ ತೆಗೆದಾಗ ರಬ್ಬರಿನ ಬಳೆ ಮತ್ತೆ ಕಳಚಿ ಬಿತ್ತು. ಅದು ಕೂರುವ ಸಂದಿನಲ್ಲಿ ಮಣ್ಣಿನಂಥ ಕಂದು ಧೂಳು ಗಟ್ಟಿಯಾಗಿ ಕೂತಿತ್ತು. ಬೆರಳಿನಿಂದ ಮುಟ್ಟಿದೆ, ಬರೀ ಧೂಳು. ಒಣ ಬೆರಳಿಗೆ ಏನೂ ಗೊತ್ತಾಗುವುದಿಲ್ಲ ಎನ್ನುತ್ತಿದ್ದ ಅಪ್ಪ. ಪಕ್ಕದಲ್ಲಿದ್ದ ಬಕೆಟ್ಟಿನಲ್ಲಿ ಹೆಬ್ಬೆರಳು ಅದ್ದಿ, ಸಂದಿನ ಸುತ್ತ ಒತ್ತಿ ತಿಕ್ಕಿ, ಬಿಸಿಲಿಗೆ ಹಿಡಿದೆ. ಬೆರಳು ಉಗುರಿನ ಬುಡದವರೆಗೆ ಕರ್ರಗಾಗಿತ್ತು.

ಧೂಳಲ್ಲ, ಅದೇ ಕರಿ ಪುಡಿ. ಅಂದು ಈ ಬಳೆ ಕೌದಿಯ ಮೇಲೆ ಬಿದ್ದದ್ದು, ಆ ಕೌದಿಯನ್ನು ಅಪ್ಪನ ಪಕ್ಕದಲ್ಲೇ ಝಾಡಿಸಿದ್ದು ನೆನಪಾಗಿ ಅಲ್ಲೇ ಒದ್ದೆ ನೆಲದ ಮೇಲೆ ಕೂತೆ. ನಾನು ಕೊಂದೆ ಎಂದು ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಅವ್ವ ಯಾವಾಗ ಬಂದು ಹಿಂದೆ ನಿಂತಿದ್ದಳೋ ತಿಳಿಯದು. ಡ್ರಮ್ಮನ್ನು ನೋಡಿದಳು, ಮುಚ್ಚಳವನ್ನು ನೋಡಿದಳು, ನನ್ನ ಬೆರಳನ್ನು ನೋಡಿದಳು. ಬೈಯಲಿ ಎಂದು ಕಾದೆ. ಅವಳು ಒಳಗೆ ಹೋಗಿ ಒಂದು ತಂಬಿಗೆ ನೀರು, ಸಾಬೂನು ತಂದು ನನ್ನ ಎದುರು ಕುಕ್ಕರುಗಾಲಲ್ಲಿ ಕೂತಳು. ನನ್ನ ಕೈ ಎಳೆದುಕೊಂಡು ಹೆಬ್ಬೆರಳನ್ನು ತಿಕ್ಕತೊಡಗಿದಳು.

"ಯಾರ ಮುಂದೂ ಹೇಳಬ್ಯಾಡ," ಎಂದಳು. "ಥಂಡಿ ಹತ್ತಿ ಹ್ವಾದ್ರು ಅಂತ ಮಂದಿ ಅಂದಾರ. ಹಂಗ ಇರಲಿ."

ತಿಕ್ಕಿ ತಿಕ್ಕಿ ಬೆರಳಿನ ಸುತ್ತ ಕೆಂಪಾಯಿತು, ಕರಿ ಹೋಗಲಿಲ್ಲ. ಈ ಬಣ್ಣ ಮೈಗೆ ಹತ್ತಿದರೆ ಸಾಬೂನಿಗೆ ಬಗ್ಗುವುದಿಲ್ಲ, ಚರ್ಮದ ಜೊತೆಗೇ ಸವೆದು ಹೋಗಬೇಕು ಎಂದು ಬಣ್ಣಗಾರನ ಹೆಂಡತಿಗೆ ಗೊತ್ತಿತ್ತು. ಆದರೂ ಅವಳು ತಂಬಿಗೆ ಖಾಲಿಯಾಗುವವರೆಗೂ ತಿಕ್ಕುತ್ತಲೇ ಇದ್ದಳು.