ತೆನೆಯ ಮುಂದೆ ಆಡಿದ ಐದು ಶಬ್ದಗಳು

ಐವತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ, ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಪಾಠವೆಂದರೆ ಮಂತ್ರೋಪದೇಶದಷ್ಟೇ ಗಂಭೀರವಾದ ಸಂಗತಿ. ಸವಣೂರಿನ ಸೋದರಮಾವನ ಮನೆಯಲ್ಲಿದ್ದು ಹತ್ತನೆಯ ಇಯತ್ತೆ ಓದುತ್ತಿದ್ದ ನಾನು ಶನಿವಾರ ಮಧ್ಯಾಹ್ನ ನಮ್ಮೂರು ಹತ್ತಿಮತ್ತೂರಿಗೆ ಬರುತ್ತಿದ್ದೆ. ಅಜ್ಜ ಬಾಲ್ಯದಲ್ಲೇ ಸಂಸ್ಕೃತ ಕಲಿಸಿದ್ದರಿಂದ ಭೂರಿ, ಪ್ರಭೂತ, ಪುಷ್ಕಲ ಎಂದು ಸಮೃದ್ಧಿಯ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಬಲ್ಲವಳಾಗಿದ್ದೆ. ಆದುದರಿಂದ ಇಂಗ್ಲಿಷ್ ಮಾಸ್ತರರು ಅದೇ ಅರ್ಥದ ಐದು ಶಬ್ದಗಳನ್ನು ಹಲಗೆಯ ಮೇಲೆ ಬರೆದಾಗ ನನಗಾದ ಹರ್ಷ ಅಷ್ಟಿಷ್ಟಲ್ಲ. ಲಷ್, ಅಬಂಡಂಟ್, ಪ್ರೊಫ್ಯೂಸ್, ಲಕ್ಷುರಿಯಂಟ್, ರ‍್ಯಾಂಕ್.

“ಬರೇ ಬಾಯಿಪಾಠ ಮಾಡಬ್ಯಾಡ್ರಿ. ಯಾವುದಾರ ಬೆಳಿ ಮುಂದ ನಿಂತು ಅಂದು ನೋಡ್ರಿ,” ಎಂದರು ಮಾಸ್ತರರು.

ಆ ಶನಿವಾರವೇ ನಮ್ಮ ಕರಿಮಣ್ಣಿನ ಎರಿ ಹೊಲಕ್ಕೆ ಓಡಿದೆ. ಮುಂಗಾರಿ ಜೋಳ ನನ್ನ ತಲೆಗಿಂತ ಎತ್ತರಕ್ಕೆ ನಿಂತಿತ್ತು. ಹಸಿ ದಂಟಿನ ಸಿಹಿವಾಸನೆ, ತೆನೆಗಳ ಮೇಲೆ ಗುಬ್ಬಿಗಳ ಗದ್ದಲ. ಬದುವಿನ ಮೂಲೆಯಲ್ಲಿ ನಿಂತು ಐದೂ ಶಬ್ದಗಳನ್ನು ಗಟ್ಟಿಯಾಗಿ ಘೋಷಿಸಿದೆ.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹುಲ್ಲು ಕೊಯ್ಯುತ್ತಿದ್ದ ಆಯಿ ಕುಡುಗೋಲು ಹಿಡಿದೇ ಎದ್ದು ನಿಂತಳು.

“ಏನದು ಮಂತ್ರ?”

“ಮಂತ್ರ ಅಲ್ಲಾಯಿ, ಇಂಗ್ಲಿಷ್. ಬೆಳಿ ಭರಪೂರ ಬಂದೈತಿ ಅಂದೆ.”

ಆಯಿಯ ಮುಖ ಬಾಡಿತು. “ಥೂ ಥೂ ಅನ್ನು ಮೊದ್ಲ! ಬಸುರಿ ಮುಂದ ಯಾರಾರ ಹಿಂಗ ಒದರ್ತಾರೇನ?”

ನನ್ನಿಂದ ಮೂರು ಸಲ ಥೂ ಅನ್ನಿಸಿ, ದೃಷ್ಟಿ ತೆಗೆಯಲು ಚಿಟಿಕೆ ಮಣ್ಣು ಇಳಿದೆಗೆದು ಎಸೆದಳು. ತೆನೆ ಹೊತ್ತ ಹೊಲ ಆಕೆಗೆ ಬಸುರಿ ಹೆಣ್ಣುಮಗಳು. ಕಣ್ಣು ಬಿದ್ದೀತೆಂದು ಅದನ್ನು ಹೊಗಳುವಂತಿರಲಿಲ್ಲ. ಬಾಜೂ ಹೊಲದ ಬಸಪ್ಪಕಾಕಾ, “ಹೆಂಗೈತ್ರಿ ಯಕ್ಕಾ ಬೆಳಿ?” ಎಂದು ಕೇಳಿದರೆ, “ಏನೋ ಐತಪಾ, ದನದ ಮೇವಿಗಾತು,” ಎಂದು ಮುಖ ತಿರುಗಿಸುತ್ತಿದ್ದಳು. ಮೊಮ್ಮಕ್ಕಳಾದ ನಮ್ಮನ್ನೂ ಆಕೆ ಹೊಗಳಿದ್ದನ್ನು ನಾನು ಕೇಳಿರಲಿಲ್ಲ.

ಎರಡು ವಾರ ಕಳೆದು ಸೀಗಿ ಹುಣ್ಣಿಮೆಗೆ ಬಂದೆ. ಹೊಲಕ್ಕೆ ಉಡಿ ತುಂಬಿ, ಎಡೆಯ ಅಡುಗೆಯನ್ನು ಚರಗವೆಂದು ಚೆಲ್ಲುವ ಹಬ್ಬ. ಎಳ್ಳುಹೋಳಿಗೆ, ಕಡುಬು, ಪುಂಡಿಪಲ್ಲೆಯ ಬುಟ್ಟಿ ಹೊತ್ತು ಎಲ್ಲರೂ ಹೊರಟೆವು. ಬದುವಿಗೆ ಬಂದು ನೋಡಿದರೆ, ನಾನು ನಿಂತಿದ್ದ ಮೂಲೆಯಲ್ಲೇ ಹುಳ ಬಿದ್ದಿತ್ತು. ಎಲೆಗಳು ಜಾಳಿಗೆಯಾಗಿದ್ದವು.

ಉಳಿದ ಹೊಲಕ್ಕೂ ಹಬ್ಬಿದರೆ ವರ್ಷದ ಕಾಳು ಹೋದಂತೆಯೇ. ಶಿವನಾಮ ಜಪಿಸಿದೆ, ಆಡಿದ ಮಾತು ಹಿಂದಿರುಗುವುದೆಂತು? ಎಲ್ಲರೂ ಉಣ್ಣಲು ಕುಳಿತರೂ ನಾನು ದೂರ ನಿಂತೆ. ಆಯಿ ಬಳಿಗೆ ಬಂದಳು.

“ಯಾಕ, ಹೋಳಿಗಿ ಸೇರಲಿಲ್ಲೇನ ಸಾಹೇಬ್ರಿಗೆ?”

“ಆಯಿ, ಇದು ನನ್ನಿಂದ ಆತು. ನಾ ನಿಂತಿದ್ದ ಮೂಲಿಗೇ ಹುಳ ಹತ್ತೇತಿ. ನಾ ಸಾಲಿ ಬಿಡ್ತೇನಿ.”

ಆಯಿ ನನ್ನನ್ನು ದಿಟ್ಟಿಸಿದಳು. “ಬಸಪ್ಪನ ಹೊಲಾ ನೋಡೀಯೇನ? ಅರ್ಧಾ ತಿಂದಾವ. ಅಲ್ಲಿ ಯಾವಾಕಿ ಹೋಗಿ ಇಂಗ್ಲಿಷ್ ಒದರಿದ್ಲು?”

“ಮತ್ತ ನೀ ಅವತ್ತ ಥೂ ಥೂ ಅನ್ನಿಸಿದಿ?”

“ಅವತ್ತ ನಾನೂ ಅಂಜಿದ್ದೆ. ಆಮ್ಯಾಲೆ ವಿಚಾರ ಮಾಡಿದೆ. ನಮ್ಮ ಜ್ವಾಳಕ್ಕ ಇಂಗ್ಲಿಷ್ ಎಲ್ಲಿ ಬರ್ತೈತಿ? ಕೆಟ್ಟ ಕಣ್ಣಿಗೂ ಬರಂಗಿಲ್ಲ. ಅದೇನ ಸವಣೂರ ಸಾಲಿಗೆ ಹೋಗೇತೇನು?”

ನಾನು ಅಳುತ್ತಲೇ ನಕ್ಕೆ. ಆಯಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

“ನನಗೂ ಅದನ್ನ ಕಲಿಸು. ಈ ಮನಿಗೆ ಬಂದು ನಲವತ್ತ ವರ್ಷಾತು. ಒಂದ ದಿನಾ ಬಾಯಿಬಿಟ್ಟು ಈ ಹೊಲಕ್ಕ, ಚಂದ ಅದಿಯವ್ವಾ ಅಂದಿಲ್ಲ. ಎಲ್ಲಾದ್ರಾಗ ದೊಡ್ಡದ್ಯಾವ್ದು?”

“ಲಕ್ಷುರಿಯಂಟ್.”

“ಕಡೀಕ ಒಂದು ಸಣ್ಣದು ಅಂದಿದ್ಯಲ್ಲ?”

“ರ‍್ಯಾಂಕ್. ಅದು ಬ್ಯಾಡ. ಕಸ ಸೊಕ್ಕಿ ಬೆಳದ್ರ ಹಂಗಂತಾರ.”

“ಹಂಗಾರ ಅದನ್ನ ಬಸಪ್ಪಗ ಇಡು.”

ಆಯಿ ತಲೆಯ ಮೇಲೆ ಸೆರಗು ಸರಿಪಡಿಸಿಕೊಂಡಳು. ಹುಳ ಮುಟ್ಟದ ಒಂದು ತೆನೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, “ಲಕ್ಸೂರಂಟ... ಲಕ್ಸೂರಂಟ ಅದಿಯವ್ವಾ,” ಎಂದಳು. ಪೂಜೆಯ ವೇಳೆಯಲ್ಲೂ ಆ ಕಂಠ ಅಷ್ಟು ಮೃದುವಾದದ್ದನ್ನು ನಾನು ಕೇಳಿರಲಿಲ್ಲ. ಕಣ್ಣೊರೆಸಿಕೊಂಡು, “ನಡಿ, ಉಣ್ಣು,” ಎಂದು ಗದರಿದಳು. ನಾಲ್ಕು ಹೋಳಿಗೆ ತಿಂದೆ. ಸೋಮವಾರ ಸಾಲಿಗೂ ಹೋದೆ. ಆ ಮೂಲೆಯ ಬೆಳೆ ಕೈಗೆ ಹತ್ತಲಿಲ್ಲ. ಉಳಿದ ಹೊಲವನ್ನು ಶಿವನು ಕಾಯ್ದನು.

ಹೋದ ವರ್ಷ ಅದೇ ಹೊಲಕ್ಕೆ ಹೋಗಿದ್ದೆ. ಈಗ ಅಲ್ಲಿ ಗೋವಿನಜೋಳ. ಅಣ್ಣನ ಮಗ ಮುತುವರ್ಜಿಯಿಂದ ಬೆಳೆದಿದ್ದಾನೆ. ಬೆಳೆ ಕಣ್ಣು ತುಂಬುವಂತಿತ್ತು. ನಾನು ಮಾತಾಡದೆ ಒಂದೊಂದೇ ಎಲೆಯನ್ನು ಸವರುತ್ತ ಬದುವಿನುದ್ದಕ್ಕೂ ನಡೆದೆ. ಅವನು ಹಿಂದೆ ಹಿಂದೆಯೇ ಬಂದ. ಕೊನೆಗೆ ತಡೆಯಲಾರದೆ ಕೇಳಿದ:

“ಯಾಕ್ರಿ ಅತ್ತಿ, ಏನೂ ಅನ್ನವಲ್ರಿ? ಚಲೋ ಬಂದಿಲ್ಲೇನ್ರಿ?”

ಅವನ ಮುಖ ಸಣ್ಣದಾಗಿತ್ತು. ಆಯಿ ಇದ್ದಿದ್ದರೆ ನನ್ನನ್ನು ಏನೂ ಕೇಳುತ್ತಿರಲಿಲ್ಲ; ಎಲೆ ಸವರುವ ನನ್ನ ಕೈ ನೋಡಿಯೇ ಬೆಳೆ ಎಂಥದೆಂದು ತಿಳಿಯುತ್ತಿದ್ದಳು.