ನಾಲ್ಕು ತೋಳಿನ ಹಿಮದ ಹರಳು

ಗುರುವಾರ ಬೆಳಿಗ್ಗೆ ನಾವು ಹ್ಯೂಸ್ಟನ್ ಬಿಡುವಾಗ ನನ್ನ ತಂಗಿ ವನಜಾಳ ಮನೆಯ ಸೋಫಾದಲ್ಲಿ ಮನುಷ್ಯರಿಗೆ ಜಾಗವಿರಲಿಲ್ಲ. ಅಲ್ಲಿ ಕರಿಬೇವಿನ ಗಿಡ ಕುಂಡದ ಸಮೇತ ಕೂತಿತ್ತು, ಮೇಲೊಂದು ಹಳೆಯ ದುಪ್ಪಟಿ ಹೊದ್ದು. "ಹಿಮ ಬೀಳುತ್ತಂತೆ ಅಕ್ಕ, ಗಿಡ ಸತ್ತುಹೋದ್ರೆ ಒಗ್ಗರಣೆಗೆ ಏನು ಮಾಡ್ಲಿ?" ಎಂದಳು. ಹಿತ್ತಲಿನ ನಲ್ಲಿಗಳಿಗೆಲ್ಲ ಟವೆಲ್ ಸುತ್ತಿದ್ದಳು. ಶಾಲೆಗಳಿಗೆ ಹಿಂದಿನ ದಿನವೇ ರಜೆ ಸಾರಿದ್ದರು. ಅಂಗಡಿಯಲ್ಲಿ ಹಾಲು, ಬ್ರೆಡ್ಡು ಖಾಲಿ. ಊರಿಗೆ ಊರೇ ಇಷ್ಟೆಲ್ಲ ಸಿದ್ಧವಾಗಿ ಕೂತ ಮೇಲೆ ಆಕಾಶದಿಂದ ಬಿದ್ದದ್ದೇನು? ಮಳೆ. ನಮ್ಮ ಮಂಡ್ಯದಲ್ಲಿ ಬೀಳುವಂಥದೇ ಮಳೆ.

ನನಗೆ ಮೈಯೆಲ್ಲ ಉರಿಯಿತು. ಕಾರಣವನ್ನು ಹೇಳಿಯೇ ಬಿಡುತ್ತೇನೆ. ಮಂಡ್ಯದ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವಳು ನಾನು. ವರ್ಷ ವರ್ಷವೂ ಕಪ್ಪು ಹಲಗೆಯ ಮೇಲೆ ಹಿಮದ ಹರಳಿನ ಚಿತ್ರ ಬರೆದು, ಅದಕ್ಕೆ ಆರೇ ತೋಳು, ಐದಲ್ಲ, ಏಳಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದೇನೆ. ಐದು ಬರೆದ ಮಕ್ಕಳಿಗೆ ಅಂಕ ಕಳೆದಿದ್ದೇನೆ. ಆದರೆ ನಾನು ಒಂದನ್ನಾದರೂ ನೋಡಿದ್ದೆನೇ? ಇಲ್ಲ. ತಂಗಿಯ ಮನೆಗೆಂದು ಮೂರು ತಿಂಗಳ ಮಟ್ಟಿಗೆ ಬಂದಿದ್ದ ನನ್ನ ವಾಪಸ್ ವಿಮಾನ ಭಾನುವಾರ, ಡಲ್ಲಾಸಿನಿಂದ. ಅಷ್ಟರೊಳಗೆ ಒಂದೇ ಒಂದು ಹರಳನ್ನು ಕಣ್ಣಾರೆ ಕಂಡು ಅದರ ತೋಳು ಎಣಿಸಬೇಕು ಎಂಬುದಷ್ಟೇ ನನ್ನ ಆಸೆ. ಬ್ಯಾಗಿನಲ್ಲಿ ಭೂತಗನ್ನಡಿ ಇಟ್ಟುಕೊಂಡೆ. ಬಿಳಿಯದು ಎದ್ದು ಕಾಣಲಿ ಎಂದು ಕಪ್ಪು ಸ್ವೆಟರ್ ಹಾಕಿಕೊಂಡೆ.

ಕಾರು ಓಡಿಸಿದವಳು ವನಜಾಳ ಮಗಳು ಮೇಘನಾ. ಔಷಧದ ಅಂಗಡಿಯಲ್ಲಿ ಫಾರ್ಮಸಿಸ್ಟ್, ಸಮಾಧಾನದ ಹುಡುಗಿ. "ನಾರ್ತ್ ಕಡೆ ಹೋದಷ್ಟೂ ಚಾನ್ಸ್ ಜಾಸ್ತಿ ದೊಡ್ಡಮ್ಮ" ಎಂದು ಧೈರ್ಯ ಹೇಳಿದಳು. ಆಸ್ಟಿನ್ ನೂರಾ ಅರವತ್ತು ಮೈಲಿ, ಮೂರು ಗಂಟೆಯ ದಾರಿ. ಅಂದು ಐದು ಗಂಟೆ ಹಿಡಿಯಿತು. ಇನ್ನೂ ಬೀಳದ ಹಿಮಕ್ಕೆ ಹೆದರಿ ಎಲ್ಲರೂ ಎತ್ತಿನಗಾಡಿಯ ವೇಗದಲ್ಲಿ ಹೋಗುತ್ತಿದ್ದರು. ದಾರಿಯ ಗ್ಯಾಸ್ ಸ್ಟೇಷನ್ನಿನಲ್ಲಿ ಕುಡಿದ ಕಾಫಿಯ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಬರೆದರೆ ಸಭ್ಯತೆ ಉಳಿಯುವುದಿಲ್ಲ.

ಆಸ್ಟಿನ್‌ನಲ್ಲಿ ಮೇಘನಾಳ ತಂದೆಯ ಹಳೆಯ ಸ್ನೇಹಿತ ಶ್ರೀಧರ್ ಅವರ ಮನೆಯಲ್ಲಿ ಉಳಿದೆವು. ಮೈಸೂರಿನವರು, ಗಂಡ ಹೆಂಡತಿ ಇಬ್ಬರದೂ ಉಪಚಾರದ ಕೈ. ಶುಕ್ರವಾರ ಬೆಳಿಗ್ಗೆ ಚಳಿ ಒಳಗೆ ಬರದಿರಲೆಂದು ಕಿಟಕಿಗಳ ಪರದೆ ಎಳೆದು, ಬಿಸಿ ಬಿಸಿ ದೋಸೆ ಹಾಕುತ್ತಾ ಹೋದರು. ಮೂರಾಯಿತು, ನಾಲ್ಕಾಯಿತು. ಸಾಕು ಎಂದರೂ ತಟ್ಟೆಗೆ ಐದನೆಯದು ಬಿತ್ತು. ಕೈತೊಳೆದು ಬಾಗಿಲು ತೆಗೆದರೆ ಅಂಗಳವೆಲ್ಲ ಒದ್ದೆ. ಎದುರುಮನೆಯ ಮಗುವಿನ ಕೈಗವಸಿನಲ್ಲಿ ಒಂದಿಷ್ಟು ಬಿಳಿಯ ಗೊಜ್ಜಿನಂಥದ್ದು ಕರಗುತ್ತಿತ್ತು.

"ಹಿಮ ಬಿತ್ತೇ?" ಎಂದು ಕೂಗಿದೆ.

"ಬಿತ್ತು ಮೇಡಂ, ಒಂದು ಹತ್ತು ನಿಮಿಷ. ಚಟ್ನಿ ತರೋವಾಗ ಅಡುಗೆಮನೆ ಕಿಟಕೀಲಿ ನೋಡಿದೆ" ಎಂದರು ಶ್ರೀಧರ್, ತಣ್ಣಗೆ.

"ನನ್ನನ್ನು ಯಾಕೆ ಕರೀಲಿಲ್ಲ?"

"ನೀವು ತಿಂಡಿ ತಿಂತಾ ಇದ್ರಿ. ಎಲೆ ಮುಂದೆ ಕೂತೋರನ್ನ ಮಧ್ಯದಲ್ಲಿ ಎಬ್ಬಿಸಬಾರದಲ್ವಾ?"

ಹತ್ತು ಸಾವಿರ ಮೈಲಿ ಆಚೆ ಬಂದರೂ ನಮ್ಮವರು ಇದೊಂದನ್ನು ಬಿಟ್ಟಿಲ್ಲ. ಎಲೆಯೂ ಇರಲಿಲ್ಲ ಅಲ್ಲಿ, ಕಾಗದದ ತಟ್ಟೆ ಇತ್ತು. ಐದನೆಯ ದೋಸೆಯ ಮೇಲೆ ಬಂದ ಸಿಟ್ಟನ್ನು ನುಂಗಿಕೊಂಡು ಕಾರು ಹತ್ತಿದೆ.

ಡಲ್ಲಾಸಿನ ಉತ್ತರಕ್ಕಿರುವ ಅಲೆನ್‌ಗೆ ಇನ್ನೂ ಇನ್ನೂರಿಪ್ಪತ್ತು ಮೈಲಿ. ದಾರಿಯುದ್ದಕ್ಕೂ ಲಾರಿಗಳು ರಸ್ತೆಗೆ ಉಪ್ಪುನೀರು ಸಿಂಪಡಿಸುತ್ತಿದ್ದವು. ಬೀಳುವ ಮೊದಲೇ ಕರಗಿಸುವ ಏರ್ಪಾಡು! ಕಾರಿನಲ್ಲಿ ಮೇಘನಾ ಹಿಮದ ಹರಳಿನ ಚಿತ್ರವಿದ್ದ ಫೋನು ನನ್ನ ಕೈಗೆ ಕೊಟ್ಟು, "ಇದರಲ್ಲಿ ಝೂಮ್ ಮಾಡಿ ದೊಡ್ಡಮ್ಮ, ಆರೂ ಕ್ಲಿಯರ್ ಆಗಿ ಕಾಣುತ್ತೆ" ಎಂದಳು. ಚಿತ್ರವನ್ನು ನಾನೇ ಮೂವತ್ತೊಂದು ವರ್ಷ ಬರೆದಿಲ್ಲವೇ ಎಂದು ಫೋನು ಹಿಂದಕ್ಕೆ ಕೊಟ್ಟೆ.

ಅಲೆನ್‌ನಲ್ಲಿ ಇಳಿದುಕೊಂಡದ್ದು ಶಾಂತಕ್ಕನ ಮನೆಯಲ್ಲಿ. ಧಾರವಾಡದವರು, ಹಿಂದೆ ಹ್ಯೂಸ್ಟನ್ನಿನಲ್ಲಿ ವನಜಾಳ ಪಕ್ಕದ ಮನೆಯಲ್ಲಿದ್ದವರು. ನನ್ನ ಆಸೆಯನ್ನೂ ಊರಿಗೆ ಹೋಗಿ ಅದನ್ನೆಲ್ಲ ಬರೆಯುವ ಯೋಚನೆಯನ್ನೂ ರಾತ್ರಿ ಊಟಕ್ಕೆ ಮೊದಲೇ ವಿವರವಾಗಿ ಹೇಳಿದೆ. "ಅಷ್ಟ ಅಲ್ರೀ ಟೀಚರ್? ನಾಳೆ ಬಿದ್ದ ಬೀಳ್ತದ, ನಾನ ತೋರಸ್ತೀನಿ" ಎಂದರು, ಹಿಮ ತಮ್ಮ ಹಿತ್ತಲಲ್ಲೇ ಬೆಳೆಯುವುದೇನೋ ಎನ್ನುವಂತೆ.

ಶನಿವಾರ ಮಧ್ಯಾಹ್ನ ಮೂರಾದರೂ ಬೂದು ಆಕಾಶ ಸುಮ್ಮನೇ ಇತ್ತು. ಮರುದಿನ ಬೆಳಿಗ್ಗೆ ವಿಮಾನ. ಸ್ವೆಟರ್ ಬೆಚ್ಚಗಿದ್ದರೆ ಹರಳು ತಾಗಿದ ಕೂಡಲೇ ಕರಗುತ್ತದೆಂದು, ಅದನ್ನು ಮೊದಲೇ ತಣ್ಣಗಾಗಿಸಲು ನಾನು ಅಂಗಳಕ್ಕೆ ಹೋಗಿ, ಒಂದು ಕೈ ಮುಂದೆ ಚಾಚಿ ಅರ್ಧ ಗಂಟೆ ನಿಂತೆ. ಹಲ್ಲು ಕಟಕಟ ಎನ್ನುತ್ತಿತ್ತು. ನಾಯಿ ಸುತ್ತಾಡಿಸುತ್ತಿದ್ದವನೊಬ್ಬ ನನ್ನನ್ನು ನೋಡಿ ಆಚೆ ಬದಿಯ ಫುಟ್‌ಪಾತಿಗೆ ದಾಟಿಕೊಂಡ.

ಆಗ ಅದು ಬಂತು. ಒಂದೇ ಒಂದು. ಎದುರುಮನೆಯ ಸೂರಿನ ಮೇಲೆ ಕಾಣಿಸಿಕೊಂಡು, ಅಲ್ಲಿನ ಹೊಗೆಕೊಳವೆಯ ಬಿಸಿಗಾಳಿ ತಾಗಿದ್ದೇ ಏನೋ ಮರೆತು ಬಂದ ಹಾಗೆ ಮತ್ತೆ ಮೇಲಕ್ಕೆ ಹೋಯಿತು. ಮನಸ್ಸು ಬದಲಿಸಿ ಇಳಿಯಿತು. ಬ್ಯಾಸ್ಕೆಟ್‌ಬಾಲ್ ಬಳೆಯೊಳಗೆ ತೂರಿ ಹೊರಬಂತು; ನೋಡಿ ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ. ಮೇಘನಾಳ ಕಾರಿನ ಬಾನೆಟ್ಟಿನ ಕಡೆ ವಾಲಿದಾಗ ನಾನು "ಅಲ್ಲಲ್ಲ, ಈ ಕಡೆ!" ಎಂದು ತರಗತಿಯ ದನಿಯಲ್ಲೇ ಗದರಿಸಿದೆ. ಕೇಳಿಸಿತೋ ಏನೋ, ತಿರುಗಿತು. ಗೇಣು ದೂರದಲ್ಲಿ ಒಂದು ಸುತ್ತು ತಿರುಗಿ ನನ್ನ ಸ್ವೆಟರಿನ ಕೈಮೇಲೆ ಬಂದು ಕೂತಿತು. ಅಷ್ಟು ಎತ್ತರದಿಂದ ಬಂದದ್ದು, ಕೂತದ್ದೇ ಗೊತ್ತಾಗಲಿಲ್ಲ.

ಹರಳಿಗೆ ತಾಗಬಾರದೆಂದು ಉಸಿರು ಬಿಗಿಹಿಡಿದು ಭೂತಗನ್ನಡಿ ಇಳಿಸಿದೆ. ದೇವರೇ, ನಾನು ಹಲಗೆಯ ಮೇಲೆ ಬರೆದದ್ದು ಎಷ್ಟು ಒಡ್ಡೊಡ್ಡಾಗಿತ್ತು! ಒಂದೊಂದು ತೋಳಿಗೂ ಕವಲು, ಕವಲಿಗೂ ಹಲ್ಲು. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳೇಕೆ. ಒಂದು. ಎರಡು. ಮೂರು. ನಾಲ್ಕು.

"ಏನ್ರೀ ಇದು! ತಲೀಗೆ ಏನೂ ಇಲ್ದ ಬಯಲಾಗ ನಿಂತೀರಿ! ಥಂಡಿ ಹಿಡೀತದ್ರೀ!" ಎನ್ನುತ್ತ ಶಾಂತಕ್ಕ ಹಿಂದಿನಿಂದ ಬಂದು ಒಂದು ದೊಡ್ಡ ಶಾಲನ್ನು ನನ್ನ ಮೇಲೆ ಹೊದಿಸಿಬಿಟ್ಟರು. ತಲೆ, ಹೆಗಲು, ಕೈ ಎಲ್ಲ ಮುಚ್ಚಿಹೋಯಿತು. ಶಾಲು ಸುಡುತ್ತಿತ್ತು. ನನಗೆ ಬೆಚ್ಚಗಿರಲೆಂದು ಬಟ್ಟೆ ಒಣಗಿಸುವ ಡ್ರೈಯರಿಗೆ ಹಾಕಿ, ಕಾಯಿಸಿ ತಂದಿದ್ದರು. ಕಿತ್ತೆಸೆದು ನೋಡಿದೆ. ಸ್ವೆಟರಿನ ಮೇಲೆ ಸಾಸಿವೆಯಷ್ಟು ನೀರು.

ನಾನು ಕೂಗಾಡಿದ್ದನ್ನು ಇಲ್ಲಿ ಬರೆಯಲಾರೆ. ಮೇಘನಾ ಓಡಿ ಬಂದಳು. ಶಾಂತಕ್ಕ ನೆಲದಿಂದ ಶಾಲು ಎತ್ತಿಕೊಂಡರು. ಆಮೇಲೆ ಕತ್ತಲಾಗುವವರೆಗೂ ಮೂವರೂ ಅಂಗಳದಲ್ಲಿ ಮೂರು ಕೈ ಚಾಚಿ ನಿಂತೆವು. ಇನ್ನೊಂದು ಬೀಳಲಿಲ್ಲ.

ಭಾನುವಾರ ಬೆಳಿಗ್ಗೆ ಬಿಸಿಲೋ ಬಿಸಿಲು, ನನ್ನನ್ನು ಅಣಕಿಸಲೆಂದೇ. ವಿಮಾನ ನಿಲ್ದಾಣದವರೆಗೆ ಶಾಂತಕ್ಕನೂ ಹಿಂದಿನ ಸೀಟಿನಲ್ಲಿ ಕೂತು ಬಂದರು. ಚಪಾತಿಯ ಡಬ್ಬಿ ನನ್ನ ಕೈಗಿಡುವಾಗ ಅವರ ದನಿ ಸಣ್ಣದಾಗಿತ್ತು.

"ಟೀಚರ್, ಆ ಹರಳಿಗೆ ಆರು ಇದ್ದ ಇರ್ತಾವಲ್ರೀ. ಆರು ನೋಡಿದೆ ಅಂತನ ಬರೀರಿ."

"ನೋಡಿದ್ದು ನಾಲ್ಕು ಶಾಂತಕ್ಕ. ನೋಡದೆ ಆರು ಅಂದಿದ್ದು ಮೂವತ್ತೊಂದು ವರ್ಷಕ್ಕೆ ಸಾಕು. ನಾಲ್ಕು ಅಂತಲೇ ಬರೀತೀನಿ."

ಅವರು ನನ್ನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ಭದ್ರಮಾಡಿದರು.

"ಹಂಗಾದ್ರ ಉಳದ ಎರಡು ಈ ಶಾಂತಾನ ಶಾಲಿನ್ಯಾಗ ಹೋದ್ವು ಅಂತ ಅದನೂ ಬರೀರಿ. ಹರಳಿಂದೇನೂ ತಪ್ಪಿಲ್ಲ."

ಬರೆದಿದ್ದೇನೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.